ಮೇಜರ್ ಸಾಹೇಬರ ಕೋಟು

ಮಾವ ತೀರಿಕೊಂಡ ಹದಿನೆಂಟನೆಯ ದಿನ ಭಾವನವರಿಗೆ ಜ್ಞಾನೋದಯವಾಯಿತು. ಅದಕ್ಕೆ ಮುಂಚಿನ ಹದಿನೇಳು ದಿನ ಅವರು ಬಂದವರ ಎದುರು ಅಳುವುದು, ಅವರು ಹೋದ ಮೇಲೆ ಮೂಗು ಒರೆಸಿಕೊಂಡು ಫೋನು ನೋಡುವುದು, ಹೀಗೇ ಕಳೆದಿದ್ದರು. ಹದಿನೆಂಟನೆಯ ದಿನ ಬೆಳಿಗ್ಗೆ ಮುಂಗೋಣೆಗೆ ಬಂದು, ಈ ಗೋಡೆಯಿಂದ ಆ ಗೋಡೆಗೆ ಹೆಜ್ಜೆ ಎಣಿಸಿ, "ಇಲ್ಲೇ ಆಗ್ಲಿ" ಎಂದರು.

"ಏನಾಗ್ಲಿ ಭಾವ?" ಸೊಸೆ ಹೊಲಿಗೆ ಮಿಷನ್ ನಿಲ್ಲಿಸದೆ ಕೇಳಿದಳು.

"ಅಪ್ಪನ ಸ್ಮಾರಕ ಕೋಣೆ ಕಣಮ್ಮಾ. ಫೋಟೋ, ಯೂನಿಫಾರ್ಮು, ಗೋಡೆ ಮೇಲೆ ಜೀವನ ಚರಿತ್ರೆ. ದೇಶ ಕಾದವರು. ಬೀದಿಗೆ ಕಾಣೋ ಹಾಗಿರ್ಬೇಕು."

ಬೀದಿಗೆ ಕಾಣಬೇಕಾಗಿದ್ದದ್ದು ಮಾವ ಮಾತ್ರವಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ನೀರು ಸರಬರಾಜು ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದ ಭಾವ ಮುಂದಿನ ತಿಂಗಳ ಚುನಾವಣೆಯಲ್ಲಿ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷಗಿರಿಗೆ ನಿಂತಿದ್ದರು. ಎಲ್ಲಿ ನಾಲ್ಕು ಜನ ಸೇರಿದರೂ ಎದ್ದು ನಿಂತು ಮಾತಾಡುವುದರಿಂದ ಜನ ಅವರಿಗೆ 'ಮೈಕು' ಎಂದು ಹೆಸರಿಟ್ಟಿದ್ದರು. ಮೈಕಿಗೆ ಈಗ ಒಂದು ವೇದಿಕೆ ಬೇಕಿತ್ತು.

ಆ ವೇದಿಕೆಯಲ್ಲಿ ಸೊಸೆ ಹನ್ನೊಂದು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಳು. ಮನೆಯಲ್ಲಿ ಬೆಳಕು ಬರುವ ಕೋಣೆ ಅದೊಂದೇ. ಕಿಟಕಿಗೆ ಒತ್ತಿಕೊಂಡು ಕತ್ತರಿಸುವ ಮೇಜು, ಎರಡು ಮಿಷನ್ನು, ಅಳತೆ ನೋಡಲು ತಲೆ ಇಲ್ಲದ ಬಟ್ಟೆಯ ಬೊಂಬೆ, ಗೋಡೆಯ ಮೊಳೆಗಳಲ್ಲಿ ಚೀಟಿ ಚುಚ್ಚಿಕೊಂಡು ಒಡೆಯರಿಗಾಗಿ ಕಾಯುವ ಪ್ಯಾಂಟುಗಳು.

"ನನ್ನ ಮಿಷನ್ನು?"

"ಹಿಂದುಗಡೆ ಮೆಟ್ಟಿಲ ಕೆಳಗೆ ಬೇಕಾದಷ್ಟು ಜಾಗ ಇದೆಯಲ್ಲ."

ಮೆಟ್ಟಿಲ ಕೆಳಗೆ ಇದ್ದದ್ದು ಕಾಲು ಮುರಿದ ಕುರ್ಚಿಗೆ ಬೇಕಾದಷ್ಟು ಜಾಗ. ಅಲ್ಲಿ ನಿಂತರೆ ತಲೆ ತಗಲುತ್ತದೆ. ಕೂತರೆ ಸೂಜಿಗೆ ದಾರ ಹಾಕಲು ಹಗಲಲ್ಲೇ ದೀಪ ಬೇಕು. ಗಿರಾಕಿ ಅಲ್ಲಿಗೆ ಬರಬೇಕಾದರೆ ಅಡುಗೆಮನೆ ದಾಟಿ, ಅತ್ತೆಯ ಮಂಚ ದಾಟಿ, ಅತ್ತೆಯ ಪ್ರಶ್ನೆಗಳನ್ನೂ ದಾಟಿ ಬರಬೇಕು. ಅಷ್ಟು ಧೈರ್ಯವಿರುವವನು ಸೈನ್ಯಕ್ಕೆ ಸೇರಿಕೊಳ್ಳುತ್ತಾನೆ, ಪ್ಯಾಂಟು ಮೊಟಕು ಮಾಡಿಸಲು ಬರುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಹೇಳಿದಳು. ಬಸ್ ಡಿಪೋದಲ್ಲಿ ತುಕ್ಕು ಹಿಡಿದ ಎಂಥ ಬೋಲ್ಟನ್ನೂ ಬಿಚ್ಚುವ ಆತ ಅಣ್ಣನ ಮುಂದೆ ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. "ಅಣ್ಣ ಹೇಳ್ತಿದ್ದಾನಲ್ಲ" ಎಂದು ತಟ್ಟೆ ನೋಡಿದ. ಮನೆ ಅತ್ತೆಯ ಹೆಸರಿನಲ್ಲಿತ್ತು. ಅತ್ತೆಯನ್ನು ಕೇಳಿದರೆ, "ಅಪ್ಪನ ಹೆಸರಿಗೆ ಮಾಡ್ತೀನಿ ಅಂದ. ಬೇಡ ಅಂದ್ರೆ ನಾನೆಂಥ ಹೆಂಡ್ತಿ? ಹೂಂ ಅಂದೆ" ಎಂದರು. ಅಲ್ಲಿಗೆ ಕೋಣೆ ಹೋದಂತೆಯೇ ಆಯಿತು.

ಮಾವ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದದ್ದು ನಿಜ. ಅಲ್ಲಿ ಅವರು ಟೈಲರ್ ಆಗಿದ್ದದ್ದೂ ನಿಜ. ಎರಡನೆಯ ನಿಜವನ್ನು ಭಾವ ಶಾಲೆಯಲ್ಲಿದ್ದಾಗಲೇ ಬಿಟ್ಟುಬಿಟ್ಟಿದ್ದರು. ಗೆಳೆಯರಿಗೆ ಒಮ್ಮೆ "ನಮ್ಮಪ್ಪ ಗಡೀಲಿದ್ದಾರೆ" ಎಂದಿದ್ದರು. ನಲವತ್ತು ವರ್ಷ ಅದನ್ನೇ ಹೇಳಿ ಹೇಳಿ, ಈಗ ಅವರಿಗೆ ಗುಂಡಿನ ಸದ್ದೂ ಕೇಳಿಸುತ್ತಿತ್ತು. ಮಾವ ಮಾತ್ರ ಯಾರು ಕೇಳಿದರೂ "ಗುಂಡು ಅಲ್ಲ, ಗುಂಡಿ" ಎನ್ನುತ್ತಿದ್ದರು. ಸೊಸೆಗೆ ಕಾಜ ಹಾಕುವುದನ್ನು ಕಲಿಸಿದವರು ಅವರೇ. ಕಣ್ಣು ಮಂಜಾದ ಮೇಲೂ ಅವಳ ಪಕ್ಕ ಕೂತು ಬೆರಳಿನಿಂದಲೇ ಹೊಲಿಗೆ ಸವರಿ ನೋಡಿ, "ಇಲ್ಲಿ ಆತುರ ಪಟ್ಟಿದ್ದೀಯಮ್ಮ" ಎನ್ನುತ್ತಿದ್ದರು.

ಮರುದಿನ ಭಾವ ಅಟ್ಟದಿಂದ ಮಾವನ ಟ್ರಂಕು ಇಳಿಸಿದರು. ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ, ಹಳೆಯ ಪತ್ರಿಕೆ, ಪತ್ರಿಕೆಯ ಕೆಳಗೆ ಒಂದು ಕೋಟು. ದಪ್ಪ ಉಣ್ಣೆ ಬಟ್ಟೆ, ಹೊಳೆಯುವ ಗುಂಡಿ, ಭುಜದ ಮೇಲೆ ಪದವಿಯ ಗುರುತು. ಭಾವ ಫೋನಿನಲ್ಲಿ ಆ ಗುರುತು ಹುಡುಕಿದರು. ಅವರ ದನಿ ಇಳಿಯಿತು.

"ಮೇಜರ್. ನೋಡಿದ್ಯೇನೋ ತಮ್ಮಾ, ಅಪ್ಪ ಮೇಜರ್ ಆಗಿದ್ರು."

"ಟೈಲರ್ ಅಂತಿದ್ರಲ್ಲ ಅಣ್ಣ."

"ವಿನಯ ಕಣೋ. ಅಥವಾ ಗುಟ್ಟಿನ ಕೆಲಸ. ಸೈನ್ಯದಲ್ಲಿ ಅಂಥವರು ಇರ್ತಾರೆ, ಮನೆಯವರಿಗೂ ಹೇಳೋ ಹಾಗಿಲ್ಲ."

ಸೊಸೆ ಕೋಟನ್ನು ಒಮ್ಮೆ ನೋಡಿದಳು, ಸಾಕಾಯಿತು. ತೋಳಿನ ಮಡಿಕೆಯಲ್ಲಿ ಬಿಳಿ ದಾರದ ಕಚ್ಚಾ ಹೊಲಿಗೆ ಹಾಗೇ ಇತ್ತು. ಕಂಕುಳಲ್ಲಿ ಸೀಮೆಸುಣ್ಣದ ಗೆರೆ ಮಾಸಿರಲಿಲ್ಲ. ಒಂದು ಕಡೆ ಗುಂಡಿ ಇತ್ತು, ಎದುರಿಗೆ ಕಾಜವೇ ಇರಲಿಲ್ಲ. ಯಾವ ಮೇಜರೂ ಇಪ್ಪತ್ತೆರಡು ವರ್ಷ ಎದೆ ತೆರೆದುಕೊಂಡು ಯುದ್ಧ ಮಾಡಿರಲಾರ. ಇದು ಗಿರಾಕಿ ಬಂದು ಒಯ್ಯದೆ ಬಿಟ್ಟ ಕೋಟು. ಅಂಥವು ಅವಳ ಗೋಡೆಯ ಮೇಲೂ ನಾಲ್ಕಿದ್ದವು.

"ಭಾವ, ಈ ಕೋಟು ಇನ್ನೂ ಪೂರ್ತಿ ಹೊಲಿದೇ ಇಲ್ಲ" ಎಂದಳು.

"ನೋಡಮ್ಮಾ, ನಿನಗೆ ಪ್ಯಾಂಟು ಫ್ರಾಕು ಗೊತ್ತು. ಇದು ಸೈನ್ಯದ ವಿಷಯ."

ಭಾವ ಟ್ರಂಕಿನ ತಳದಲ್ಲಿದ್ದ ಕತ್ತರಿ, ಟೇಪು, ರಟ್ಟು ಹರಿದ ಒಂದು ದಪ್ಪ ಪುಸ್ತಕ ಎಲ್ಲವನ್ನೂ ಎಸೆಯುವ ಚೀಲಕ್ಕೆ ಹಾಕಿದರು. ಅವರು ಅತ್ತ ತಿರುಗಿದಾಗ ಸೊಸೆ ಚೀಲವನ್ನು ತನ್ನ ಮೇಜಿನ ಕೆಳಗೆ ತಳ್ಳಿದಳು.

ಎರಡು ದಿನದಲ್ಲಿ ಆಮಂತ್ರಣ ಅಚ್ಚಾಯಿತು. 'ವೀರಯೋಧ, ಕುಟುಂಬವತ್ಸಲ ಮೇಜರ್ ಅವರ ಸ್ಮಾರಕ ಉದ್ಘಾಟನೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ.' ಮೇಜರರ ಫೋಟೋ ಅಂಚೆಚೀಟಿಯಷ್ಟಿತ್ತು, ಮಗನದು ಅಂಗೈಯಷ್ಟು. ಮಿಷನ್ನುಗಳು ಮೆಟ್ಟಿಲ ಕೆಳಗೆ ಹೋದವು. ಅವಳ ಬೊಂಬೆ ಮಾತ್ರ ಮುಂಗೋಣೆಯಲ್ಲೇ ಉಳಿದು, ಮೇಜರ್ ಆಗಿ ಬಡ್ತಿ ಪಡೆಯಿತು. ಕೋಟು ಅದಕ್ಕೆ ಜೋಲುತ್ತಿತ್ತೆಂದು ಭಾವ ಒಳಗೆ ಎರಡು ದಿಂಬು ತುರುಕಿದರು.

ಅತ್ತೆ ಕೋಲೂರಿಕೊಂಡು ಬಂದು ನೋಡಿದರು. "ಯಾರೋ ಇದು?"

"ಅಪ್ಪ ಕಣಮ್ಮ."

"ನಿಮ್ಮಪ್ಪ ಮದುವೆ ದಿನವೂ ಕಡ್ಡಿ ತರ ಇದ್ರು, ಹೋದ ದಿನವೂ ಕಡ್ಡಿ ತರಾನೇ ಇದ್ರು. ಈ ಹೊಟ್ಟೆ ಮಧ್ಯದಲ್ಲಿ ಯಾವಾಗ ಬಂದು ಹೋಯ್ತು?"

"ಡ್ಯೂಟೀಲಿದ್ದಾಗ ಇತ್ತಮ್ಮ. ನೀನು ನೋಡಿಲ್ಲ."

ಅತ್ತೆ ಆ ಹೊಟ್ಟೆಯನ್ನು ಕೋಲಿನಿಂದ ಒಮ್ಮೆ ತಿವಿದು ಒಳಗೆ ಹೋದರು.

ಸೊಸೆ ಆ ದಿನ ಸಂಜೆ ಮೆಟ್ಟಿಲ ಕೆಳಗೆ ಕೂತು ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಭಾನುವಾರ ಯಾರಾದರೂ ತಿಳಿದವರು ಬಂದು ನಗುತ್ತಾರೆ, ಕೋಣೆ ತಾನಾಗಿಯೇ ವಾಪಸು ಬರುತ್ತದೆ. ಆದರೆ ನೂರು ಜನರ ಮುಂದೆ ಹೋಗುವ ಮಾನ ಭಾವನದೊಂದೇ ಅಲ್ಲ, ಅತ್ತೆಯದೂ ಹೌದು, ಇಲ್ಲದ ಪದವಿ ಹೊತ್ತು ಮಲಗಿದ ಮಾವನದೂ ಹೌದು. ಮನೆಯ ಬಟ್ಟೆ ಮನೆಯಲ್ಲೇ ಒಗೆಯಬೇಕು. ಅವಳು, ಭಾವ ಭಾಷಣಕ್ಕೆ ಕರೆದಿದ್ದ ನಿವೃತ್ತ ಸೈನಿಕರ ಸಂಘದ ಕಾರ್ಯದರ್ಶಿಗೆ ಫೋನು ಮಾಡಿ, "ಭಾನುವಾರಕ್ಕಿಂತ ಮುಂಚೆ, ಶನಿವಾರ ಮಧ್ಯಾಹ್ನ ಒಂದ್ಸಲ ಬಂದು ಎಲ್ಲ ಸರಿ ಇದೆಯಾ ನೋಡಿ ಹೋಗಿ" ಎಂದಳು.

ಕಾರ್ಯದರ್ಶಿ ಹತ್ತಿರ ಹತ್ತಿರ ಎಂಬತ್ತರ ಮುದುಕ, ಮಾವನ ಜೊತೆ ಒಂದೇ ದಳದಲ್ಲಿದ್ದವರು. ಮುಂಗೋಣೆಯ ಬಾಗಿಲಲ್ಲಿ ಬೊಂಬೆಯನ್ನು ಕಂಡವರೇ ಅಭ್ಯಾಸಬಲದಿಂದ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಭಾವನ ಕಣ್ಣು ತುಂಬಿ ಬಂತು.

"ಅಪ್ಪನನ್ನ ಗುರುತು ಹಿಡಿದ್ರಾ ಸರ್?"

"ಅಪ್ಪನ್ನಲ್ಲಪ್ಪ, ಮೇಜರ್ ಸಾಹೇಬರನ್ನ. ಈ ಹೊಟ್ಟೆ ಮರೆಯೋಕಾಗುತ್ತಾ? ಇದು ಬಾಗಿಲಲ್ಲಿ ಬಂದು ಐದು ನಿಮಿಷ ಆದ್ಮೇಲೆ ಸಾಹೇಬರು ಬರೋರು." ಮುದುಕ ಕೋಟಿನ ಅಂಚು ಎತ್ತಿ ನೋಡಿದರು. "ಅಯ್ಯೋ, ಇದು ಇಲ್ಲಿದೆಯಾ. ಹೊಲಿಯೋಕೆ ಕೊಟ್ಟ ತಿಂಗಳಲ್ಲೇ ಸಾಹೇಬರಿಗೆ ವರ್ಗ ಆಯ್ತು. ಬಂದು ತಗೊಂಡು ಹೋಗ್ತೀನಿ ಅಂದ್ರು, ಬರಲೇ ಇಲ್ಲ. ಗಿರಾಕಿ ಬಟ್ಟೆ ಬಿಸಾಕಬಾರದು ಅಂತ ನಿಮ್ಮಪ್ಪ ಕಾದರು. ಇಷ್ಟು ವರ್ಷ ಕಾದಿದ್ದಾರೆ ನೋಡಪ್ಪ."

ಭಾವ ಬಾಯಿ ತೆರೆದರು. ಮೈಕಿನಿಂದ ಸದ್ದು ಬರಲಿಲ್ಲ.

ಸೊಸೆ ಆಗ ಹೋಗಿ ಹರಿದ ರಟ್ಟಿನ ಪುಸ್ತಕ ತಂದಳು. ಮುಂದಿನ ಹಾಳೆಗಳಲ್ಲೆಲ್ಲ ಅಧಿಕಾರಿಗಳ ಸೊಂಟ. ಮೇಜರ್ ಸಾಹೇಬರದು ಮೂವತ್ತೆಂಟರಿಂದ ನಲವತ್ತಾರಕ್ಕೆ ಏರಿದ ಇತಿಹಾಸ ವರ್ಷವಾರು ಇತ್ತು. ಹಿಂದಿನಿಂದ ತೆರೆದರೆ ಮನೆಯವರ ಅಳತೆ. ಅವಳು ಗಟ್ಟಿಯಾಗಿ ಓದಿದಳು.

"'ದೊಡ್ಡವನು, ಒಂಬತ್ತು ವರ್ಷ. ಎದೆ ಇಪ್ಪತ್ತಾರು. ಬರುವ ವರ್ಷಕ್ಕೆ ಇಪ್ಪತ್ತೆಂಟು ಹಿಡಿಯಬೇಕು.' ಮುಂದಿನ ವರ್ಷದ್ದು: 'ಇಪ್ಪತ್ತೇಳೇ ಆಗಿದ್ದಾನೆ. ಹೆಚ್ಚು ಆಸೆ ಪಟ್ಟೆ.'"

"ರಜೆಗೆ ವರ್ಷಕ್ಕೊಂದೇ ಸಲ ಬರ್ತಿದ್ದರಲ್ಲ" ಎಂದರು ಕಾರ್ಯದರ್ಶಿ. "ಹಿಂದಿನ ಅಳತೆಗೆ ಹೊಲಿದು ಅಂಚೆಲಿ ಕಳಿಸಿದ್ರೆ ಮಕ್ಕಳಿಗೆ ಬಿಗಿ ಆಗೋದು. ಅದಕ್ಕೆ ಒಂದು ಉಪಾಯ ಮಾಡಿದ್ರು. ನಿನ್ನ ವಯಸ್ಸಿನ ಮಗ ಇರೋ ಸಿಪಾಯಿ ಯಾರೇ ರಜೆಗೆ ಹೋದ್ರೂ ಕೈಗೆ ಒಂದು ಟೇಪು ಕೊಡೋರು. 'ನಿನ್ನ ಹುಡುಗ ಎಷ್ಟು ಬೆಳೆದಿದ್ದಾನೆ ಅಳೆದುಕೊಂಡು ಬಾ, ನಮ್ಮವನೂ ಅಷ್ಟೇ ಬೆಳೆದಿರ್ತಾನೆ' ಅಂತ. ನನ್ನ ಮಗನ ಎದೆ ಅಳೆದು ನಿನ್ನ ಅಂಗಿ ಹೊಲಿದಿದ್ದಾರಪ್ಪ. ನನ್ನ ಮಗ ಪೈಲ್ವಾನ್ ಆದ. ನಿನ್ನ ಅಂಗಿ ಯಾವಾಗ್ಲೂ ದೊಗಳೆ ಆಗ್ತಿತ್ತೇನೋ."

ಭಾವ ತಮಗೆ ಗೊತ್ತಿಲ್ಲದೆಯೇ ಅಂಗಿಯ ಭುಜ ಮುಟ್ಟಿಕೊಂಡರು. ಒಂದು ಗಳಿಗೆ ಅವರ ಮುಖದಲ್ಲಿ ಒಂಬತ್ತು ವರ್ಷದ ಹುಡುಗ ಬಂದು ಹೋದ.

"ನಂದಿದೆಯಾ ಅದರಲ್ಲಿ?" ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು.

ಸೊಸೆ ಹಾಳೆ ತಿರುವಿದಳು. "ಇದೆ ಅತ್ತೆ. 'ಮನೆಯವಳು: ಕೇಳಿದರೆ ಕೊಡುವುದಿಲ್ಲ. ಅಂದಾಜು.'"

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನಗು ಬಂದಿತ್ತೋ ಅಳು ಬಂದಿತ್ತೋ, ಅವರಿಗೂ ತಿಳಿದಿರಲಿಕ್ಕಿಲ್ಲ. ಈ ಮೂರು ವಾರದಲ್ಲಿ ಮನೆಯೊಳಗೆ ಮಾವನ ನೆನಪು ನಿಜವಾಗಿ ಬಂದು ಕೂತದ್ದು ಅದೇ ಮೊದಲು.

ಭಾವ ಸಾವರಿಸಿಕೊಂಡರು. "ಸರ್, ನಾಳೆ ಭಾಷಣದಲ್ಲಿ ಈ ಟೇಪಿನ ವಿಷಯ ಎಲ್ಲ ಎತ್ತಬೇಡಿ. ಕೋಟು ಯಾರದು ಅಂತ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲಪ್ಪ" ಎಂದರು ಮುದುಕ.

"ಕೋಣೆ ಆಗ್ಲಿ ಭಾವ" ಎಂದಳು ಸೊಸೆ. "ನಾನು ಮೆಟ್ಟಿಲ ಕೆಳಗೇ ಇರ್ತೀನಿ. ಕೋಟಿನ ಬದಲು ಈ ಪುಸ್ತಕ ಇಡಿ, ಕತ್ತರಿ ಇಡಿ, ಬೋರ್ಡಿನ ಮೇಲೆ ಸೈನ್ಯದ ಟೈಲರ್ ಅಂತ ಬರೆಸಿ."

ಇದರಲ್ಲಿ ಅರ್ಧ ಚದುರಂಗದ ನಡೆ. ಇನ್ನರ್ಧ ಮನಸ್ಸಿನ ಮಾತು. ಭಾವ ಹೂಂ ಎಂದರೆ ತಾನು ನಿಜವಾಗಿಯೂ ಮೆಟ್ಟಿಲ ಕೆಳಗೆ ಕೂರಲು ತಯಾರು ಎಂಬುದು ಆಡಿದ ಮೇಲೆ ಅವಳಿಗೇ ಗೊತ್ತಾಯಿತು.

"ಟೈಲರ್ ಅಂತ ಬರೆಸಿದ್ರೆ ಜನ ಏನಂತಾರೆ?"

"ಟೈಲರ್ ಅಂತಾರೆ" ಎಂದರು ಅತ್ತೆ.

ಭಾವ ಅಮ್ಮನನ್ನು ನೋಡಿದರು, ಬೊಂಬೆಯನ್ನು ನೋಡಿದರು, ಗಡಿಯಾರವನ್ನು ನೋಡಿದರು. "ಸದ್ಯಕ್ಕೆ ಮುಂದಕ್ಕೆ ಹಾಕೋಣ. ನನಗೂ ಗಂಟಲು ಸರಿ ಇಲ್ಲ."

"ಮುಂದಕ್ಕೂ ಬೇಡ, ಹಿಂದಕ್ಕೂ ಬೇಡ" ಎಂದರು ಅತ್ತೆ. "ಊರವರ ಹೊಟ್ಟೆಗೆ ಸೆಲ್ಯೂಟ್ ಹೊಡೆಸೋಕೆ ನನ್ನ ಮನೇಲಿ ಜಾಗ ಇಲ್ಲ. ಚಿಕ್ಕವನು ಬಂದ ಮೇಲೆ ಮಿಷನ್ ಎತ್ತಿ ಮುಂದೆ ಇಡಿ."

ಹೀಗೆ ಸೊಸೆಗೆ ಕೋಣೆ ಸಿಕ್ಕಿತು. ಸಿಕ್ಕಿದ್ದು ಅಷ್ಟೇನೂ ಸಿಹಿಯಾಗಿರಲಿಲ್ಲ. ಇಲ್ಲದ ಮೇಜರ್‌ಗೆ ಮೂರು ದಿನ ಪೂರ್ತಿ ಕೋಣೆ ಕೊಟ್ಟ ಮಗ, ಇದ್ದ ಟೈಲರ್‌ಗೆ ಒಂದು ಗೋಡೆಯನ್ನೂ ಕೊಡಲಿಲ್ಲ. ಅವಳು ಪುಸ್ತಕಕ್ಕೆ ಹೊಸ ರಟ್ಟು ಹಾಕಿ ಅತ್ತೆಯ ದಿಂಬಿನ ಪಕ್ಕ ಇಟ್ಟಳು. ಗಂಡ ಬಂದು ಒಂದು ಮಾತೂ ಆಡದೆ ಎರಡು ಮಿಷನ್ನನ್ನೂ ಒಬ್ಬನೇ ಹೊತ್ತು ತಂದು ಕಿಟಕಿಯ ಹತ್ತಿರ ಇಟ್ಟ. ಅದು ಅವನ ಭಾಷಣ.

ಕಾರ್ಯಕ್ರಮ ಇಲ್ಲವೆಂದು ಭಾವ ಎಲ್ಲರಿಗೂ ಫೋನಿನಲ್ಲಿ ಸಂದೇಶ ಕಳಿಸಿದ್ದರು. ಆದರೆ ಅವರ ಸಂದೇಶಗಳನ್ನು ಓದುವ ಅಭ್ಯಾಸ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಭಾನುವಾರ ಹತ್ತಕ್ಕೆ ಎದುರುಮನೆಯ ಔಷಧಿ ಅಂಗಡಿಯವರು ಹೂಗುಚ್ಛ ಹಿಡಿದು, ಕೋಟು ತೊಟ್ಟು ಬಾಗಿಲಿಗೆ ಬಂದರು. ಒಳಗೆ ಸ್ಮಾರಕ ಇರಲಿಲ್ಲ. ಸೊಸೆ ಕಾಲರ್ ಹೊಲಿಯುತ್ತಿದ್ದಳು.

"ಇವತ್ತಲ್ವೇನಮ್ಮ?"

"ಇಲ್ಲ ಯಜಮಾನ್ರೇ, ಭಾವನಿಗೆ ಗಂಟಲು ಸರಿ ಇಲ್ಲ." ಅವಳ ಕಣ್ಣು ಅವರ ಕೋಟಿನ ಮೇಲೆ ನಿಂತಿತು. ನಡುವಿನ ಗುಂಡಿ ಹೋಗಲೋ ಇರಲೋ ಎಂದು ದಾರ ಹಿಡಿದು ನೇತಾಡುತ್ತಿತ್ತು. "ಬಂದದ್ದು ಬಂದಿದ್ದೀರಿ, ಒಳಗೆ ಬನ್ನಿ. ಎರಡಿಂಚು ಸಡಿಲ ಮಾಡಿಕೊಡ್ತೀನಿ."

ಅವರು ನಾಚಿಕೊಂಡು ಹೂಗುಚ್ಛವನ್ನು ಮೇಜಿನ ಮೇಲಿಟ್ಟು ನಿಂತರು. ಅವಳು ಟೇಪು ಸುತ್ತುತ್ತಿದ್ದಂತೆ ಉಸಿರು ಬಿಗಿಹಿಡಿದರು.

"ಉಸಿರು ಬಿಡಿ ಯಜಮಾನ್ರೇ" ಎಂದಳು ಸೊಸೆ. "ಹೊಟ್ಟೆ ಒಳಗೆಳಕೋಬೇಡಿ. ಇರೋದನ್ನ ಅಳೆಯೋಣ."