ಒಂದೇ ಸಲ ಕೇಳುವ ಪಾಠ

ಪಾಠದ ಕೋಣೆಯ ನೆಲದ ಮೇಲೆ ನಾನೇ ಸೀಮೆಸುಣ್ಣದಲ್ಲಿ ಎಳೆದ ಗೆರೆಯೊಂದಿತ್ತು. ಗೆರೆಯಾಚೆ ಮೇಜು ಹಾಕಿಕೊಂಡು ನಾನು ಒಂದು ದಿನ ಸ್ಟೇಷನ್ ಮಾಸ್ತರ, ಇನ್ನೊಂದು ದಿನ ಪೋಸ್ಟ್ ಮಾಸ್ತರ ಆಗುತ್ತಿದ್ದೆ. ಇಂಗ್ಲಿಷ್ ಕಲಿಯಲು ಬಂದ ದೊಡ್ಡವರು ಗೆರೆಯ ತನಕ ಬಂದು ವಿನಯದಿಂದ ಏನನ್ನಾದರೂ ಕೇಳಬೇಕು. ನಾನು ಮೊದಲು ಆಗುವುದಿಲ್ಲ ಎನ್ನುತ್ತಿದ್ದೆ. ಆಗ ಅವರು ‘ಥ್ಯಾಂಕ್ಯೂ ಸರ್’ ಎಂದು ಹಿಂದೆ ಸರಿದು, ನಾನಾಗಿ ಕರೆಯುವವರೆಗೆ ಕಾಯಬೇಕು. ಈ ಪದ್ಧತಿ ನನ್ನದೇ. ಅದರ ಬಗ್ಗೆ ನನಗೆ ಇನ್ನಿಲ್ಲದ ಜಂಬವಿತ್ತು.

ಮಂಡಕ್ಕಿ ಹುರಿದು ಮಾರುವ ಬಸಲಿಂಗಮ್ಮ ಬಂದದ್ದು ಒಂದೇ ಮಾತು ಕಲಿಯಲು. ಅವಳ ಹನ್ನೊಂದು ವರ್ಷದ ಮಗಳು ನೀಲ ಎದೆಯ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಮಲಗಿದ್ದಳು. ತಾಯಂದಿರನ್ನು ಒಳಗೆ ಬಿಡುವುದು ದಿನಕ್ಕೆ ಅರ್ಧ ಗಂಟೆ. ಹೆಚ್ಚು ಹೊತ್ತು ಇರಲು ದೊಡ್ಡ ಡಾಕ್ಟರ ಅಪ್ಪಣೆ ಬೇಕು. ಅವರಿಗೆ ಕನ್ನಡ ಬಾರದು.

ನಾನು ಡಾಕ್ಟರಾದೆ. ಅವಳು ಕೇಳಿದಳು. ಆಗುವುದಿಲ್ಲ ಎಂದೆ. ಅವಳು ಸರಿಯಲಿಲ್ಲ, ಗೆರೆ ದಾಟಿ ಬಂದು ಮೇಜು ಹಿಡಿದುಕೊಂಡು ಮತ್ತೆ ಕೇಳಿದಳು.

“ಇದೇನು ಸಂತೆಯಾ, ಮೈಮೇಲೆ ಬೀಳೋದಕ್ಕೆ?” ಎಂದು ಗದರಿದೆ. “ಒಂದ್ಸಲ ಕೇಳು, ಆಮೇಲೆ ಕಾಯಿ. ಮರ್ಯಾದಸ್ಥರು ಹಂಗೇ ಕೇಳೋದು.”

“ಅವ್ರು ಮರ್ತುಬಿಟ್ರೆ?”

“ಮರೆಯಲ್ಲ.”

ಎಂಟು ದಿನ ತಿದ್ದಿದೆ. ಒಂಬತ್ತನೆಯ ದಿನ ಅವಳು ಚೂರೂ ತಪ್ಪದೆ ಕೇಳಿ, ತಲೆ ಬಾಗಿಸಿ, ಗೆರೆಯ ಹಿಂದೆ ಹೋಗಿ ನಿಂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ದರಿದ್ರ ಕೈ.

ಮರುದಿನ ಸಂಜೆ ಪಾಠ ಶುರುವಾಗುವ ಮೊದಲೇ ಬಂದು ಬಾಗಿಲಲ್ಲಿ ನಿಂತಳು.

“ನೀಲ ಹೋದ್ಲು ಮೇಷ್ಟ್ರೇ.”

ನಾನು ಎದ್ದು ಬಾಗಿಲಿಗೆ ಬಂದೆ. ಅವಳೇ ಹೇಳಿದಳು: “ಬೆಳಿಗ್ಗೆ ಕೇಳ್ದೆ, ನೀವು ಹೇಳ್ಕೊಟ್ಟಂಗೇ. ಈಗ ಆಗಲ್ಲ ಅಂದ್ರು. ಥ್ಯಾಂಕ್ಯೂ ಅಂದು ಹೊರಗೆ ಗೋಡೆ ಹತ್ರ ನಿಂತೆ. ಪಕ್ಕದ ಮಂಚದ ಹುಡುಗನ ತಾಯಿ ಅತ್ತು ಕೂಗಾಡಿ ಒಳಗೆ ನುಗ್ಗಿದ್ಲು. ಅವಳನ್ನ ಬಿಟ್ರು. ನೀಲ ಅವ್ವಾ ಅಂತ ಕರೆಯೋದು ನಂಗೆ ಕೇಳ್ತಿತ್ತು. ಡಾಕ್ಟರು ಕರೀತಾರೆ ಅಂತ ಕಾಯ್ತಾ ಇದ್ದೆ.”

ನನ್ನನ್ನು ಅವಳು ಒಂದು ಮಾತು ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಈಗ ಅವಳನ್ನ ಮನೆಗೆ ತಗೊಂಡ್ಹೋಗ್ಬೇಕು,” ಎಂದಳು. “ಅದನ್ನ ಹೆಂಗೆ ಕೇಳ್ಬೇಕು, ಹೇಳ್ಕೊಡಿ.”

“ನೀನು ಕೇಳೋದು ಬೇಡಮ್ಮ. ನಾನೇ ಬರ್ತೀನಿ, ನಡಿ.”

ಅವಳು ತಿರುಗಿ ಮುಂದೆ ನಡೆದಳು. ದಿನವೆಲ್ಲ ಆಸ್ಪತ್ರೆಯ ಗೋಡೆಗೆ ಒರಗಿ ನಿಂತಿದ್ದ ಅವಳ ಸೀರೆಯ ಬೆನ್ನಿನ ತುಂಬ ಸುಣ್ಣ ಹತ್ತಿತ್ತು.