ಅಳತೆ ಪುಸ್ತಕದ ಬೀಗ

ಹೊಲಿಯಲು ಕೊಟ್ಟ ಬಟ್ಟೆ ಹೇಳಿದ ದಿನಕ್ಕೇ ಕೈಗೆ ಸಿಕ್ಕಿದ ಭಾಗ್ಯವಂತರು ನಿಮ್ಮಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ಇರಲಾರಿರಿ ಬಿಡಿ. "ನಾಳೆ ಬನ್ನಿ" ಅನ್ನುವುದು ಹೊಲಿಗೆಯವರ ಬಾಯಿಪಾಠ. ಈ ಕಥೆಯ ಅಂಗಡಿಯಲ್ಲೂ ಅದೇ ಗೋಳು. ಅತ್ತೆ ಕತ್ತರಿಸುತ್ತಿದ್ದರು, ಸೊಸೆ ಹೊಲಿಯುತ್ತಿದ್ದಳು, ಗಿರಾಕಿಗಳು ಬಂದು ಬಂದು ಚಪ್ಪಲಿ ಸವೆಸುತ್ತಿದ್ದರು. ಬೈಸಿಕೊಳ್ಳುವ ಪಾಲು ಮಾತ್ರ ಯಾವಾಗಲೂ ಸೊಸೆಯದು. ಅವಳ ಮಿಷನ್ನು ಬಾಗಿಲ ಪಕ್ಕದಲ್ಲಿತ್ತು ನೋಡಿ, ಅದಕ್ಕೆ.

ಆ ಅಂಗಡಿಯಲ್ಲಿ ಒಂದು ರೂಢಿ ಇತ್ತು. ಅತ್ತೆ ಯಾರ ಅಳತೆಯನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಪರದೆಯ ಹಿಂದೆ ಟೇಪು ಹಿಡಿದು, ತಾವೇ ಪುಸ್ತಕದಲ್ಲಿ ಬರೆದು, ಪುಸ್ತಕವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಸದಾ ಅವರ ಸೊಂಟದಲ್ಲಿ. ಒಬ್ಬರ ಮೈಯಳತೆ ಇನ್ನೊಬ್ಬರ ಕಿವಿಗೆ ಬೀಳಬಾರದು, ಅದು ನಮ್ಮನ್ನು ನಂಬಿ ಕೊಟ್ಟದ್ದು ಅನ್ನುತ್ತಿದ್ದರು. ಅಳತೆಯ ಪಕ್ಕದಲ್ಲಿ ಗಿರಾಕಿಯ ಹೆಸರು, ಫೋನ್ ನಂಬರು, ಮನೆ ವಿಳಾಸ, ಯಾವ ಹೊತ್ತಿಗೆ ಮನೆಯಲ್ಲಿರುತ್ತಾರೆ ಎಂಬುದೂ ಇರುತ್ತಿತ್ತು. ಬಟ್ಟೆ ತಲುಪಿಸಬೇಕಲ್ಲ.

ಬೈಗುಳ ತಿಂದು ತಿಂದು ಸೊಸೆಗೆ ಸಾಕುಸಾಕಾಗಿತ್ತು. ಎಐಗೆ ಬೇಕಾದ್ದನ್ನು ಹೇಳಿದರೆ ವೆಬ್‌ಸೈಟಿನ ಕೋಡನ್ನು ಅದೇ ಬರೆದುಕೊಡುತ್ತದೆ ಎಂದು ಯಾರೋ ಗಿರಾಕಿ ಹೇಳಿದ್ದರು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನ್ ಹಿಡಿದು ಕೂತಳು. ಗಿರಾಕಿ ತನ್ನ ನಂಬರು ಒತ್ತಿದರೆ ಬಟ್ಟೆ ಆಗಿದೆಯೋ ಇಲ್ಲವೋ ಕಾಣಬೇಕು, ಅಳತೆ ಪುಸ್ತಕವೆಲ್ಲ ಅದರೊಳಗೇ ಇರಬೇಕು ಎಂದು ಕೇಳಿದಳು. ಅದು ಬರೆದುಕೊಟ್ಟಿತು. ಹೇಳಿದ ಜಾಗದಲ್ಲಿ ಅಂಟಿಸಿದಳು, ತಪ್ಪು ಬಂದರೆ ಮತ್ತೆ ಕೇಳಿದಳು. ನಾಲ್ಕನೇ ದಿನ ವೆಬ್‌ಸೈಟು ನಡೆಯಿತು. ಹತ್ತನೇ ತರಗತಿಗೆ ಓದು ಬಿಟ್ಟವಳು ಅವಳು. ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಬೀಗದ ಕೈ ಕೊಡುವ ಮುಂಚೆ ಅತ್ತೆ ಒಂದೇ ಮಾತು ಕೇಳಿದರು. "ಇದು ಯಾರ್ಯಾರಿಗೆ ಕಾಣ್ಸುತ್ತೆ?"

"ಅಳತೆ, ವಿಳಾಸ ಎಲ್ಲ ನಮಗೆ ಮಾತ್ರ ಅತ್ತೆ. ಪಾಸ್‌ವರ್ಡ್ ಇಟ್ಟಿದೀನಿ," ಅಂದಳು ಸೊಸೆ.

ಅವರು ನಂಬಿದರು. ಸೊಸೆ ಪುಸ್ತಕದ ಒಂದೊಂದು ಹಾಳೆಯ ಫೋಟೋ ತೆಗೆದು ನೂರಾ ನಲವತ್ತು ಗಿರಾಕಿಗಳನ್ನೂ ಒಳಗೆ ತುಂಬಿದಳು.

ಪಕ್ಕದ ಮೊಬೈಲ್ ರಿಪೇರಿ ಅಂಗಡಿ ಒಬ್ಬ ಹೆಂಗಸಿನದು. ಸದಾ ಕೈಯಲ್ಲಿ ಚಿಮಟ ಇರುವುದರಿಂದ ಬೀದಿಗೆಲ್ಲ ಅವರು ಚಿಮಟಕ್ಕ. ಅವರು ನೋಡಿ ಮೆಚ್ಚಿದರು, ಆಮೇಲೆ ಸುಮ್ಮನಿರಲಿಲ್ಲ. ಮೊದಲು ಸುಳ್ಳು ಹೆಸರು ಹಾಕಿ ನೋಡಬೇಕಿತ್ತು, ಬೇರೆಯವರ ಫೋನಿನಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆಯುತ್ತದೆಯೇ ಎಂದು ಪರೀಕ್ಷೆ ಮಾಡಬೇಕಿತ್ತು ಅಂದರು. "ಒಂದರ್ಧ ಗಂಟೆ ಕೊಡು, ನಾನೇ ನೋಡ್ತೀನಿ," ಅಂದರು.

ಸೊಸೆಗೆ ಅದು ಹಿಡಿಸಲಿಲ್ಲ. ಚೆನ್ನಾಗಿ ನಡೆಯುತ್ತಿರುವುದರಲ್ಲಿ ಕಲ್ಲು ಹುಡುಕುವುದು ಯಾಕೆ? ತನ್ನ ಫೋನಿನಲ್ಲಿ ದಿನಕ್ಕೆ ಹತ್ತು ಸಲ ನೋಡುತ್ತಿದ್ದಳಲ್ಲ. ಹೊಟ್ಟೆಕಿಚ್ಚು ಇರಬೇಕು ಅಂದುಕೊಂಡಳು. ನಾಳೆ ಬನ್ನಿ ಅಕ್ಕ ಅಂದಳು. ಆ ನಾಳೆ ಬರಲೇ ಇಲ್ಲ.

ಅದೇ ವಾರ ಒಬ್ಬ ನರ್ಸ್ ಎರಡು ಜೊತೆ ಬಿಳಿ ಸಮವಸ್ತ್ರ ಹೊಲಿಯಲು ಕೊಟ್ಟರು. ಹೊಡೆಯುವ ಗಂಡನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಹಿಂದಿನ ಬೀದಿಯ ಮಹಡಿ ಕೋಣೆಗೆ ಬಂದವರು. ವಿಳಾಸ ಹೇಳುವಾಗ ದನಿ ತಗ್ಗಿಸಿದ್ದರು. ಅತ್ತೆ ಬರೆದುಕೊಂಡರು, ಸೊಸೆ ವೆಬ್‌ಸೈಟಿಗೆ ಹಾಕಿದಳು.

ಇಪ್ಪತ್ತು ದಿನ ಕಳೆಯಿತು. ನರ್ಸ್ ಮತ್ತೆ ಬಂದರು, ಕೂರಿ ಅಂದರೆ ಕೂರಲಿಲ್ಲ. ತಮ್ಮ ಫೋನ್ ಸೊಸೆಯ ಮುಂದೆ ಹಿಡಿದರು. ಇಂಟರ್‌ನೆಟ್ಟಿನಲ್ಲಿ ಅವರ ನಂಬರು ಹಾಕಿ ಹುಡುಕಿದರೆ ಇದೇ ಅಂಗಡಿಯ ಪುಟ ತೆರೆದುಕೊಳ್ಳುತ್ತಿತ್ತು. ಹೆಸರು, ಎದೆ, ಸೊಂಟ, ಮಹಡಿ ಕೋಣೆಯ ವಿಳಾಸ, "ಸಂಜೆ ಆರರ ಮೇಲೆ ಮನೆಯಲ್ಲಿರುತ್ತಾರೆ". ಪಾಸ್‌ವರ್ಡ್ ಯಾರೂ ಕೇಳಲಿಲ್ಲ.

ಹಿಂದಿನ ಸಂಜೆ ಗಂಡ ಮೆಟ್ಟಿಲ ಹತ್ತಿರ ನಿಂತಿದ್ದ. ಕೆಳಗಿನ ಮನೆಯವರು ಗದರಿಸಿ ಕಳಿಸಿದ್ದರು. ಆ ಬೆಳಗ್ಗೆ ಮಗಳ ಶಾಲೆಯ ಗೇಟಿನಲ್ಲಿ ಕಂಡ. ಪೊಲೀಸರಿಗೆ ದೂರು ಕೊಟ್ಟಾಗಿತ್ತು, ಆದರೂ ಇಲ್ಲಿ ಇನ್ನು ಒಂದು ದಿನವೂ ಇರಲಾರೆ ಅಂದರು ನರ್ಸ್. ಆಟೋ ಹೊರಗೆ ಕಾಯುತ್ತಿತ್ತು. ಗಂಟುಮೂಟೆಯ ನಡುವೆ ಮಗಳು ಕೂತಿದ್ದಳು.

"ನನ್ನ ತಂಗಿಗೂ ಹೇಳಿರ್ಲಿಲ್ಲ. ಬಟ್ಟೆ ತಂದ್ಕೊಡ್ತೀರಲ್ಲ ಅಂತ ನಿಮಗೊಬ್ರಿಗೆ ಹೇಳಿದ್ದೆ," ಅಂದರು. ಕೂಗಾಡಲಿಲ್ಲ. ಹೊರಟುಹೋದರು.

ಸೊಸೆ ಪಕ್ಕದಂಗಡಿಗೆ ಕೂಗು ಹಾಕಿದಳು. ಚಿಮಟಕ್ಕ ಓಡಿ ಬಂದು ಮೊದಲು ವೆಬ್‌ಸೈಟನ್ನೇ ಮುಚ್ಚಿಸಿದರು. ಹುಡುಕಿದವರಿಗೆ ಹಳೆಯ ಪುಟ ಇನ್ನೂ ಕೆಲವು ದಿನ ಕಾಣಬಹುದು, ತೆಗೆಸಲು ಅರ್ಜಿ ಹಾಕಬೇಕು ಅಂದರು. ಆಮೇಲೆ ಬಿಡಿಸಿ ಹೇಳಿದರು: ಪಾಸ್‌ವರ್ಡ್ ಇದ್ದದ್ದು ಅಂಗಡಿಯವರು ಒಳಗೆ ಹೋಗುವ ಮುಂಬಾಗಿಲಿಗೆ ಮಾತ್ರ, ಒಬ್ಬೊಬ್ಬ ಗಿರಾಕಿಯ ಪುಟಕ್ಕೂ ಬೇರೆ ದಾರಿಯಿಂದ ಯಾರು ಬೇಕಾದರೂ ಬರಬಹುದಿತ್ತು. ಬೇಕಾದರೆ ಈಗ ಆ ಎಐಯನ್ನೇ ಕೇಳಿ ನೋಡು ಅಂದರು.

ಸೊಸೆ ಎಐಗೆ ಬರೆದಳು. ನೀನು ಬರೆದ ಕೋಡಿನಲ್ಲಿ ಗಿರಾಕಿಗಳ ವಿವರ ಯಾರು ನೋಡಬಹುದು? ಉತ್ತರ ಕ್ಷಣದಲ್ಲಿ ಬಂತು. ಯಾರು ಬೇಕಾದರೂ ನೋಡಬಹುದು, ಕೂಡಲೇ ಸರಿಪಡಿಸಿ, ಹೀಗೆ ಸರಿಪಡಿಸಿ.

"ಗೊತ್ತಿದ್ದೂ ಮೊದಲೇ ಯಾಕೆ ಹೇಳ್ಲಿಲ್ಲ ಇದು?"

"ನೀನು ಕೇಳ್ಲಿಲ್ಲ," ಅಂದರು ಚಿಮಟಕ್ಕ. "ತಾನಾಗೇ ಹೇಳಬಹುದಿತ್ತು, ಹೇಳ್ಲಿಲ್ಲ. ನಾಳೆ ಎಲ್ಲ ಸರಿಯಾಗಿದೆ ಅಂತ್ಲೂ ಹೇಳಬಹುದು. ಅದರ ಮಾತು ಒಂದನ್ನೇ ನೆಚ್ಕೋಬೇಡ. ತಿಳಿದೋರ ಕಣ್ಣಿಗೊಂದ್ಸಲ ಬೀಳಲಿ."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಸೊಸೆಗೆ ಎಷ್ಟೋ ಹಗುರವಾಗುತ್ತಿತ್ತು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟರು, "ಬಾ" ಅಂದರು ಅಷ್ಟೆ. ಐದು ದಿನ ಮನೆಮನೆ ಅಲೆದು, ನಿಮ್ಮ ವಿವರ ನಮ್ಮ ತಪ್ಪಿನಿಂದ ಹೊರಗೆ ಬಿದ್ದಿದೆ, ಹುಷಾರಾಗಿರಿ ಎಂದು ಇಬ್ಬರೂ ಹೇಳಿಬಂದರು. ಕೆಲವರು ಸುಮ್ಮನೆ ಕೇಳಿಸಿಕೊಂಡರು. ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು.

ಇನ್ನು ಅದರ ಸಹವಾಸವೇ ಬೇಡ ಅಂದಳು ಸೊಸೆ. ಅತ್ತೆ ಅದಕ್ಕೆ ಒಪ್ಪಲಿಲ್ಲ. ಕೆಲಸ ಮಾಡುವ ಕತ್ತರಿ ಮನೆಯಲ್ಲಿದ್ದೇ ಇರುತ್ತದೆ, ಹಿಡಿಯುವುದು ಕಲಿ ಅಂದರು. ಈಗ ಹೊಸ ವೆಬ್‌ಸೈಟು ಇದೆ. ಅದರಲ್ಲಿ ಚೀಟಿ ನಂಬರು, ಬಟ್ಟೆ ಆಗಿದೆ, ಆಗಿಲ್ಲ, ಇಷ್ಟೇ. ಮೊದಲು ಸುಳ್ಳು ಹೆಸರು ತುಂಬಿ, ಚಿಮಟಕ್ಕನ ಫೋನಿನಿಂದ ಒಳನುಗ್ಗಲು ಆಗುತ್ತದೆಯೇ ಎಂದು ನೋಡಿ, ಆಮೇಲೇ ತೆರೆದರು. ಅಳತೆ, ವಿಳಾಸ ಮತ್ತೆ ಡ್ರಾಯರಿಗೆ ಹೋದವು.

ಅಕ್ಕಂದಿರೇ, ಅಣ್ಣಂದಿರೇ, ಎಐ ಕೈಲಿ ಕೋಡ್ ಬರೆಸಿ. ಯಾರೂ ಬೇಡ ಅನ್ನುವುದಿಲ್ಲ. ಆದರೆ ಒಂದೇ ಒಂದು ನಿಜವಾದ ಹೆಸರು ಅದರೊಳಗೆ ಹಾಕುವ ಮುಂಚೆ, ಇದು ಯಾರಿಗೆ ಕಾಣಬಾರದು ಎಂದು ಅದಕ್ಕೆ ಬಿಡಿಸಿ ಹೇಳಿ. ಬೇಡದ ವಿವರ ಇಟ್ಟುಕೊಳ್ಳಲೇಬೇಡಿ. ಬೇರೆಯವರ ಫೋನಿನಲ್ಲಿ ತೆರೆದು ನೋಡಿ, ತಿಳಿದವರಿಗೆ ತೋರಿಸಿ. ಅವರು ಅರ್ಧ ಗಂಟೆ ಕೇಳಿದರೆ ನಾಳೆ ಬನ್ನಿ ಅನ್ನಬೇಡಿ.

ಆ ಎರಡು ಜೊತೆ ಬಿಳಿ ಸಮವಸ್ತ್ರ ಇಸ್ತ್ರಿಯಾಗಿ ಅಂಗಡಿಯ ಮೊಳೆಯಲ್ಲಿ ಇನ್ನೂ ನೇತಾಡುತ್ತಿದೆ. ಎಲ್ಲಿಗೆ ಕಳಿಸಬೇಕೆಂದು ಸೊಸೆಗೆ ಗೊತ್ತಿಲ್ಲ. ಗೊತ್ತಾಗದೇ ಇರಲಿ ಎಂದೇ ಅವಳು ದಿನಾ ಬೇಡಿಕೊಳ್ಳುತ್ತಾಳೆ.