ಹೂಡಿಕೆದಾರರ ಸೋಫಾ

"ಸಂದಿಗೆ ಬಟ್ಟೆ ತುರುಕೋ ಬೋಳಿಮಗನೇ! ಒಂದು ಹನಿ ಹೊರಗೆ ಬಂದ್ರೆ ನಿನ್ನ ಬಾಯಿ ಇಟ್ಟು ಮುಚ್ಚಿಸ್ತೀನಿ."

ಮೇಸ್ತ್ರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೇಲೆ ನಿಂತಿದ್ದ. ನಾನೂ ನನ್ನ ಹೆಂಡತಿಯ ತಮ್ಮ ಮೊಂಡನೂ ಸೊಂಟದವರೆಗೆ ಮೋರಿಯಲ್ಲಿದ್ದೆವು. ನಗರದ ಕೊಳಚೆಯೆಲ್ಲ ಸಮುದ್ರಕ್ಕೆ ಬೀಳುವ ಬಾಯಿಗೆ ಮರಳಿನ ಮೂಟೆ ಪೇರಿಸುತ್ತಿದ್ದೆವು. ಕೂಗಳತೆಯ ದೂರದಲ್ಲಿ ಬಿಳಿ ಶಾಮಿಯಾನ ಎದ್ದಿತ್ತು. ಎಲ್ಲೆಲ್ಲಿಂದಲೋ ಹಣವಂತರು ಬರುವವರಿದ್ದರು. ಈ ಕರಾವಳಿಯಲ್ಲಿ ಬಂಡವಾಳ ಹೂಡಿ ಎಂದು ಅವರನ್ನು ಓಲೈಸುವ ಸಭೆ. ಓಲೈಸುವಾಗ ನಾತ ಬರಬಾರದಲ್ಲ.

ಬಾಯಿ ಕಟ್ಟಿದರೆ ನೀರು ಹಿಂದಕ್ಕೆ ತಿರುಗಿ ಮೊದಲು ನುಗ್ಗುವುದು ನಮ್ಮ ಓಣಿಗೆ. ಅದು ಮೇಸ್ತ್ರಿಗೂ ಗೊತ್ತಿತ್ತು.

"ನಿಮ್ಮ ಓಣಿಗೆ ಪಂಪು ಬರುತ್ತೆ ಕಣೋ. ನೀರು ಎತ್ತಿ ಆಚೆ ಕಾಲುವೆಗೆ ಬಿಡ್ತೀವಿ. ನೆಟ್ಟಗೆ ಕೆಲಸ ಮುಗಿಸು, ನಿನ್ನ ಖಾಯಂ ಮಾಡೋ ಮಾತು ಸಾಹೇಬರ ಕಿವಿಗೆ ಹಾಕ್ತೀನಿ."

ನಂಬಿದೆ. ಅಷ್ಟೇ ಅಲ್ಲ, ಕೆಲಸದಲ್ಲಿ ಚೊಕ್ಕ ಅನ್ನಿಸಿಕೊಳ್ಳುವ ಚಟ ಬೇರೆ ನನಗೆ. ಸಂದಿಗೆಲ್ಲ ಹಳೇ ಸೀರೆ ತುರುಕಿ ಮೇಲೆ ಜೇಡಿಮಣ್ಣು ಮೆತ್ತಿದೆ. ಒಂದು ಹನಿಯೂ ಜಿನುಗಲಿಲ್ಲ.

"ಭಾವ, ನಿನ್ನ ಮನೆ ಗೋಡೆಗೂ ಇಷ್ಟು ಚೆಂದ ಮೆತ್ತಿಲ್ಲ ನೀನು," ಎಂದು ಮೊಂಡ ನಕ್ಕ.

ಮೇಲೆ ಹತ್ತಿ ಬಂದಾಗ ಪಂಪು ಕಂಡಿತು. ಶಾಮಿಯಾನದ ಬಾಗಿಲಲ್ಲಿ ಕಾರಂಜಿ ಚಿಮ್ಮಿಸುತ್ತಿತ್ತು.

"ಅಣ್ಣಾ, ಪಂಪು ಇಲ್ಲೇ ಇದೆಯಲ್ಲ..."

"ಸಂಜೆ ಕಳಿಸ್ತೀನಿ. ಈಗ ಮುಚ್ಕೊಂಡಿರು. ಹೇಲು ನಿಮಗೇನು ಹೊಸದಾ? ಒಂದು ಹೊತ್ತು ಸಹಿಸ್ಕೊಂಡ್ರೆ ಸತ್ತೋಗ್ತೀರಾ?"

ಅವನ ಕುತ್ತಿಗೆ ಹಿಸುಕಬೇಕೆನಿಸಿತು. ಮನೆಯಲ್ಲಿ ಮಗಳು ಬಾಣಂತಿ. ಅವಳೂ ಹಸಿಕೂಸೂ ಮಲಗುವುದು ನೆಲದ ಮೇಲೆ. ಆದರೆ ಖಾಯಂ ಎಂಬ ಮಾತು ನೆನಪಾಗಿ, ಸಲಿಕೆ ಎತ್ತಿ ಬದಿಗಿಟ್ಟೆ.

ಕಾರುಗಳು ಬಂದವು. ಮೈಕಿನವನು ಶುರು ಮಾಡಿದ. ಇಲ್ಲಿ ಬಂದರು ಇದೆ, ಅಗಲ ರಸ್ತೆ ಇದೆ, ಕಡಿಮೆ ಕೂಲಿಗೆ ದುಡಿಯುವ ಕೈಗಳಿವೆ, ಈ ತೀರ ಎಲ್ಲರನ್ನೂ ಕೈಬೀಸಿ ಕರೆಯುತ್ತಿದೆ ಎಂದ. ಅತಿಥಿಗಳು ತಲೆಯಾಡಿಸಿದರು.

ಅಷ್ಟರಲ್ಲಿ ಹೆಂಡತಿ ಬಂದಳು. ಮೊಣಕಾಲಿನವರೆಗೆ ಕಪ್ಪು ಕೊಳಚೆ. ತೋಳಿನಲ್ಲಿ ಕೂಸು, ಹಿಂದೆ ಅವಳ ಸೆರಗು ಹಿಡಿದು ತೂರಾಡುತ್ತ ಬರುವ ಮಗಳು.

"ಹಾಸಿಗೆ ತೇಲ್ತಾ ಇದೆ. ಯಾವ ಮುಂಡೇಮಗ ಕಟ್ಟಿದ್ದು ಮೋರೀನ?"

ನನ್ನ ಉಗುರುಗಳಲ್ಲಿದ್ದ ಜೇಡಿಮಣ್ಣನ್ನು ಅವಳು ನೋಡಿದಳು. ಮುಖಕ್ಕೆ ಉಗಿದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಮೂಟೆ ತೆಗಿ."

"ಕೆಲಸ ಹೋಗುತ್ತೆ ಕಣೇ."

"ಹಾಗಾದ್ರೆ ಇವಳನ್ನ ಎಲ್ಲಿ ಮಲಗಿಸ್ಲಿ? ನಿನ್ನ ತಲೆ ಮೇಲಾ?"

ಉತ್ತರಕ್ಕೆ ಕಾಯದೆ ನೇರ ಶಾಮಿಯಾನದೊಳಕ್ಕೆ ನಡೆದಳು. ಮುಂದಿನ ಸಾಲಿನಲ್ಲಿ ಇನ್ನೂ ಬಾರದ ಯಾರೋ ದೊಡ್ಡವರಿಗೆಂದು ಬಿಳಿ ಸೋಫಾ ಖಾಲಿ ಇಟ್ಟಿದ್ದರು. ಮಗಳನ್ನು ಅದರ ಮೇಲೆ ಮಲಗಿಸಿದಳು. ಕೂಸನ್ನು ಅವಳ ಮಗ್ಗುಲಿಗಿಟ್ಟು ತಾನು ಕೆಳಗೆ ಕೂತಳು. ಮಗಳ ಪಾದದ ಕೊಳಚೆ ಬಿಳಿ ಬಟ್ಟೆಗೆ ಇಳಿಯಿತು.

ಮೇಸ್ತ್ರಿ ಓಡಿಬಂದ. "ಏಳೇ ಸೂಳೆ! ಲೋ, ನಿನ್ನ ಹೆಂಡ್ತಿ ತಾನೇ? ಎಳ್ಕೊಂಡು ಹೋಗು. ಇಲ್ಲಾಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕಬೇಡ."

ನಾನು ಹೋಗಿ ಮಗಳ ತಲೆಯ ಹತ್ತಿರ ಕೂತೆ. ಸೋಫಾ ಮೆತ್ತಗಿತ್ತು.

"ಪಂಪು ಕಳಿಸು. ಎದ್ದು ಹೋಗ್ತೀವಿ," ಎಂದೆ.

ಪೊಲೀಸರು ಬರುತ್ತಾರೆ, ಬಡಿಯುತ್ತಾರೆ, ದೊಡ್ಡ ಗಲಾಟೆಯಾಗುತ್ತದೆ, ಬಂದವರಲ್ಲಿ ಒಬ್ಬರಾದರೂ ಏನಿದು ಎಂದು ಕೇಳುತ್ತಾರೆ ಅಂದುಕೊಂಡೆ.

ಯಾರೂ ಬಡಿಯಲಿಲ್ಲ. ಸಾಹೇಬರು ಮೇಸ್ತ್ರಿಯ ಕಿವಿಯಲ್ಲಿ ಏನೋ ಹೇಳಿದರು. ಮೊಂಡನೂ ಇನ್ನಿಬ್ಬರು ಕೂಲಿಗಳೂ ಬಂದರು. ಮೊಂಡ ಅಕ್ಕನ ಮುಖ ನೋಡಲಿಲ್ಲ. ಅತಿಥಿಗಳನ್ನು ನಯವಾಗಿ ಎಬ್ಬಿಸಿ, ಅವರ ಕುರ್ಚಿಗಳನ್ನೆಲ್ಲ ಸಮುದ್ರದ ಕಡೆ ತಿರುಗಿಸಿಟ್ಟರು. ಮೈಕನ್ನೂ ಆ ಬದಿಗೆ ಒಯ್ದರು. ಭಾಷಣ ನಿಂತಲ್ಲಿಂದಲೇ ಮುಂದುವರಿಯಿತು.

ತಿರುಗಿ ನೋಡಿದೆ. ಸಾಲುಸಾಲು ಬೆನ್ನು. ಮಗಳಿಗೆ ನಿದ್ದೆ ಹತ್ತಿತ್ತು. ಕೂಸು ಹಸಿದು ಅಳತೊಡಗಿತು. ಯಾರೋ ಹೋಗಿ ಮೈಕಿನ ಸದ್ದು ಜಾಸ್ತಿ ಮಾಡಿದರು.